ಅಪ್ಪನ ಕೈಯಲ್ಲಿ ಒಂದೇ ರಿಮೋಟ್

ಅವತ್ತು ಮನೆಯಲ್ಲಿ ಐದಾರು ಜನ ಸೇರಿದ್ದರು. ಅಪ್ಪನ ಜೊತೆ ಮ್ಯಾಳದಲ್ಲಿದ್ದ ಇಬ್ಬರು ಕಾಕಾಗಳು ಪಕ್ಕದೂರಿಂದ ಬಸ್ ಹಿಡಿದು ಬಂದಿದ್ದರು. ಅವ್ವ ಚುನಮರಿ ಮಾಡಿದ್ದಳು. ನಾನು ಹಾರ್ಡ್ ಡಿಸ್ಕ್ ತಂದು ಟಿವಿಗೆ ಚುಚ್ಚಿದೆ. ಪರದೆ ಮೇಲೆ ಬಂದದ್ದು ಒಂದೇ ಸಾಲು: ಈ ಫೈಲ್ ತೆರೆಯಲು ಆಗುವುದಿಲ್ಲ.

ಒಟ್ಟು ಆರು ಫೈಲ್ ಇದ್ದವು. ಆರಕ್ಕೂ ಅದೇ ಉತ್ತರ.

ಆ ಫೈಲ್‌ಗಳಲ್ಲಿ ಇರುವುದು 2007ರ ಜಾತ್ರೆಯಲ್ಲಿ ನಮ್ಮೂರಲ್ಲಿ ಆಡಿದ ಶ್ರೀಕೃಷ್ಣ ಪಾರಿಜಾತ. ಅಪ್ಪ ಹಿಮ್ಮೇಳದಲ್ಲಿ ಹಾರ್ಮೋನಿಯಂ ಹಿಡಿದು ರಾತ್ರಿಯಿಡೀ ಹಾಡಿದ್ದ. ಮೂರು ವರ್ಷದ ಹಿಂದೆ ಅವನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಪಿಸುದನಿಯಲ್ಲಿ ನಾಲ್ಕು ಮಾತಾಡುತ್ತಾನೆ, ಅಷ್ಟೇ. ಅವನು ಹಾಡಿದ್ದು ಉಳಿದಿರುವುದು ಆ ಆರು ಫೈಲ್‌ಗಳಲ್ಲಿ ಮಾತ್ರ.

ಕಾಕಾಗಳು ಚುನಮರಿ ತಿಂದು, ಇನ್ನೊಮ್ಮೆ ಬರ್ತೀವಿ ಎಂದು ಎದ್ದರು. ಅಪ್ಪ ಏನೂ ಅನ್ನಲಿಲ್ಲ. ಆ ರಾತ್ರಿಯೇ ನಾನು ಟಿವಿಗೆ ಜೋಡಿಸುವ ಸಣ್ಣ ಕಂಪ್ಯೂಟರ್ ಹುಡುಕಲು ಶುರು ಮಾಡಿದೆ.

ಮೊದಲು ಫೈಲ್ ಯಾಕೆ ತೆರೆಯಲಿಲ್ಲ ಅಂತ ಹೇಳುತ್ತೇನೆ. ಆ ಕಾಲದ ಹ್ಯಾಂಡಿಕ್ಯಾಮ್‌ಗಳಲ್ಲಿ ಮಿನಿ ಡಿವಿ ಎಂಬ ಪುಟ್ಟ ಕ್ಯಾಸೆಟ್ ಇರುತ್ತಿತ್ತು. ಒಂದು ಗಂಟೆಯ ಕ್ಯಾಸೆಟ್ ಕಂಪ್ಯೂಟರ್‌ಗೆ ಇಳಿಸಿದರೆ ಸುಮಾರು 13 ಜಿಬಿ ಆಗುತ್ತದೆ. ನಮ್ಮ ಆರು ಕ್ಯಾಸೆಟ್ ಸೇರಿ 78 ಜಿಬಿ. ಈ ಡಿವಿ ಎಂಬ ಬಗೆಯ ವಿಡಿಯೊ ಸಾಮಾನ್ಯ ಟಿವಿಗಳಿಗೆ ಓದಲು ಬರುವುದಿಲ್ಲ. ಕಂಪ್ಯೂಟರ್‌ಗೆ ಬರುತ್ತದೆ.

ನಿಮ್ಮ ಮನೆಯಲ್ಲೂ ಇಂಥ ಒಂದೆರಡು ಮದುವೆ ಕ್ಯಾಸೆಟ್ ಇದ್ದರೆ ಅದಕ್ಕಾಗಿ ಕಂಪ್ಯೂಟರ್ ಕೊಳ್ಳಬೇಡಿ. ಗೆಳೆಯರ ಲ್ಯಾಪ್‌ಟಾಪ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ಎಂಪಿ4 ಮಾಡಿಸಿದರೆ ಹೆಚ್ಚಿನ ಟಿವಿಗಳಲ್ಲಿ ಓಡುತ್ತದೆ. ನಮ್ಮ ಕಥೆ ಬೇರೆ ಇತ್ತು. ಮ್ಯಾಳದ ಒಬ್ಬೊಬ್ಬರ ಮನೆಯಲ್ಲಿ ಹಳೇ ವಿಸಿಡಿ, ಡಿವಿಡಿ, ಪೆನ್‌ಡ್ರೈವ್ ಬಿದ್ದಿದ್ದವು. ಏನೇ ತಂದರೂ ಓಡಬೇಕು, ಅದೂ ನಾನು ಧಾರವಾಡದಲ್ಲಿದ್ದಾಗ.

ಟಿವಿಗೆ ಚುಚ್ಚುವ ಸ್ಟಿಕ್ ತಗೋ ಎಂದರು ಕೆಲವರು. ಯೂಟ್ಯೂಬ್, ಓಟಿಟಿ ನೋಡಲು ಅದೇ ಸರಿ. ಹೆಚ್ಚಿನ ಓಟಿಟಿಗಳು ತಾವು ಒಪ್ಪಿದ ಸಾಧನಗಳಿಗೆ ಮಾತ್ರ ಪೂರ್ತಿ ಸ್ಪಷ್ಟ ಚಿತ್ರ ಕೊಡುತ್ತವೆ, ಕಂಪ್ಯೂಟರ್ ಬ್ರೌಸರ್‌ನಲ್ಲಿ ಎಷ್ಟೋ ಸಲ ಮಸುಕಾಗಿ ಬರುತ್ತದೆ. ಆದರೆ ಸ್ಟಿಕ್‌ಗೆ ಹಾರ್ಡ್ ಡಿಸ್ಕ್ ಜೋಡಿಸುವುದು ಕಿರಿಕಿರಿ.

ಹುಬ್ಬಳ್ಳಿಯ ಒಂದು ಅಂಗಡಿಗೆ ಹೋದೆ. ಆಫೀಸುಗಳಲ್ಲಿ ಬಳಸಿ ಬಿಟ್ಟ ಮಿನಿ ಕಂಪ್ಯೂಟರ್‌ಗಳು ಅಲ್ಲಿ ಸಾಲಾಗಿ ಇದ್ದವು. ದಪ್ಪ ನಿಘಂಟಿನಷ್ಟು ಗಾತ್ರ, ಗಟ್ಟಿ ಕಬ್ಬಿಣದ ಮೈ. ಅಂಗಡಿಯವರು 'ಐ5 ಐತ್ರಿ, 8 ಜಿಬಿ ರ‍್ಯಾಮ್ ಐತಿ, ಎಸ್‌ಎಸ್‌ಡಿ ಐತಿ' ಎಂದರು. 9,500 ರೂಪಾಯಿ. ದೊಡ್ಡ ದೊಡ್ಡ ಸಂಖ್ಯೆ ಕೇಳಿ ನಾನು ಹಿಗ್ಗಿದೆ.

ಅಲ್ಲಿ ಎರಡು ತಪ್ಪು ಮಾಡಿದೆ. ಒಂದು, ಹಿಂದೆ ತಿರುಗಿಸಿ ನೋಡಲಿಲ್ಲ. ಮನೆಗೆ ಬಂದು ನೋಡಿದರೆ ಎಚ್‌ಡಿಎಂಐ ತೂತೇ ಇಲ್ಲ, ಡಿಸ್‌ಪ್ಲೇ ಪೋರ್ಟ್ ಮಾತ್ರ. ಆಫೀಸಿನ ಪೆಟ್ಟಿಗೆಗಳಲ್ಲಿ ಇದು ಸಾಮಾನ್ಯ. ಕನ್ವರ್ಟರ್‌ಗೆ ಮತ್ತೆ 400 ರೂಪಾಯಿ. ಎರಡು, ಎಷ್ಟನೇ ತಲೆಮಾರಿನದು ಎಂದು ಕೇಳಲಿಲ್ಲ. ಅದು ಇಂಟೆಲ್‌ನ 6ನೇ ತಲೆಮಾರು. ಈಗಿನ 4ಕೆ ಸಿನಿಮಾ ಫೈಲ್‌ಗಳು ಹೆಚ್ಚಾಗಿ 10 ಬಿಟ್ ಎಚ್‌ಇವಿಸಿ ಎಂಬ ಬಗೆಯಲ್ಲಿರುತ್ತವೆ. ಅದನ್ನು ಚಿಪ್ಪೇ ಸಲೀಸಾಗಿ ಬಿಡಿಸುವುದು 7ನೇ ತಲೆಮಾರಿನಿಂದ. ಅದಕ್ಕೂ ಹಳೆಯದಾದರೆ ಪ್ರೊಸೆಸರ್ ಏದುಸಿರು ಬಿಡುತ್ತದೆ, ಫ್ಯಾನ್ ಗುಂಯ್ ಅನ್ನುತ್ತದೆ.

ನಮ್ಮ ಹಳೇ ಪಾರಿಜಾತಕ್ಕೆ ಅಷ್ಟು ಶಕ್ತಿ ಬೇಕಿರಲಿಲ್ಲ ಎನ್ನಿ. ಕೋಡಿ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದೆ, ಆರೂ ಫೈಲ್ ಓಡಿದವು. ಅಪ್ಪನ ಹಳೇ ಆಂಪ್ಲಿಫೈಯರ್‌ಗೆ ವಯರ್ ಎಳೆದೆ. ಪಡಸಾಲೆಯಲ್ಲಿ ಹಾರ್ಮೋನಿಯಂ ಕೇಳಿಸಿತು. ಅವ್ವ ಒಳಗಿಂದ ಹಿಟ್ಟಿನ ಕೈಯಲ್ಲೇ ಓಡಿಬಂದಳು. ನಾನು ಗೆದ್ದೆ ಅಂದುಕೊಂಡು ಮರುದಿನ ಧಾರವಾಡಕ್ಕೆ ಹೋದೆ.

ಒಂದು ತಿಂಗಳ ಮೇಲೆ ಊರಿಗೆ ಬಂದರೆ ಪೆಟ್ಟಿಗೆ ಮೇಲೆ ಅವ್ವ ಕಸೂತಿ ಬಟ್ಟೆ ಹೊದಿಸಿದ್ದಳು. ಕೀಬೋರ್ಡ್ ಕಪಾಟಿನ ಮೇಲಿತ್ತು.

'ಯಾಕಪ್ಪಾ, ನೋಡ್ಲಿಲ್ಲೇನು?' ಎಂದೆ.

ಅಪ್ಪ ಪಿಸುದನಿಯಲ್ಲಿ, 'ಡಬ್ಬಿ ಛಲೋ ಐತಿ ತಮ್ಮಾ. ಹಚ್ಚೂದು ನನಗ ಬರೂದಿಲ್ಲ' ಎಂದ.

ನಾನು ಪ್ರೊಸೆಸರ್ ಬಗ್ಗೆ ವಾರಗಟ್ಟಲೆ ಓದಿದ್ದೆ. ಅಪ್ಪನ ಕೈಯನ್ನು ನೋಡಿರಲಿಲ್ಲ. ಹಾರ್ಮೋನಿಯಂ ಮೇಲೆ ಓಡಾಡಿದ ಆ ಬೆರಳುಗಳಿಗೆ ಮೌಸ್‌ನ ಬಾಣ ಹಿಡಿಯಲು ಆಗುತ್ತಿರಲಿಲ್ಲ. ಟಿವಿ ರಿಮೋಟ್ ಮಾತ್ರ ಕಣ್ಣು ಮುಚ್ಚಿ ಒತ್ತುತ್ತಿದ್ದ. ನಾನಿಲ್ಲದಾಗ ಯಾರನ್ನಾದರೂ ಕರೆಯಬೇಕೆಂದರೆ ದನಿಯೂ ಇಲ್ಲ.

ಕಾಲೇಜಿನ ಗೆಳೆಯನಿಗೆ ಇದನ್ನು ಹೇಳಿದಾಗ ಅವನು ಕೇಳಿದ ಮೊದಲ ಪ್ರಶ್ನೆ: 'ಟಿವಿ ರಿಮೋಟಿನಿಂದಲೇ ನಡೆಯಬೇಕಾ? ಹಾಗಾದರೆ ರಾಸ್ಪ್‌ಬೆರಿ ಪೈ ಹಾಕು.' ತನ್ನ ಹಳೇ ಪೈ 4 ಅನ್ನು 3,000 ರೂಪಾಯಿಗೆ ಕೊಟ್ಟ. ಎಲೆಯಡಿಕೆ ಡಬ್ಬಿಯಷ್ಟು ಗಾತ್ರ.

ಎಚ್‌ಡಿಎಂಐ ವಯರ್‌ನಲ್ಲಿ ಸಿಇಸಿ ಎಂಬ ಒಂದು ಸೌಲಭ್ಯವಿದೆ. ಟಿವಿ ರಿಮೋಟ್ ಒತ್ತಿದ್ದನ್ನು ಟಿವಿ ಅದೇ ವಯರ್ ಮೂಲಕ ಪೆಟ್ಟಿಗೆಗೆ ದಾಟಿಸುತ್ತದೆ. ಪೈನಲ್ಲಿ ಇದು ಇದೆ. ಹೆಚ್ಚಿನ ಮಿನಿ ಕಂಪ್ಯೂಟರ್‌ಗಳಲ್ಲಿ ಇಲ್ಲ. ಟಿವಿಯ ಸೆಟ್ಟಿಂಗ್‌ನಲ್ಲಿ ಇದನ್ನು ಆನ್ ಮಾಡಬೇಕು. ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್ ಎಂದು ಹೆಸರಿರುತ್ತದೆ.

ಪೈಗೆ ಲಿಬ್ರೆಎಲೆಕ್ ಹಾಕಿದೆ. ಸ್ವಿಚ್ ಹಾಕಿದರೆ ನೇರವಾಗಿ ಕೋಡಿಯೇ ತೆರೆಯುತ್ತದೆ. ಪೈ 4ರಲ್ಲಿ ಆಡಿಯೊ ವಯರ್‌ನ ತೂತು ಇದೆ, ಹೀಗಾಗಿ ಆಂಪ್ಲಿಫೈಯರ್ ನೇರವಾಗಿ ಕೂಡಿಕೊಂಡಿತು. ಹೊಸ ಪೈ 5ರಲ್ಲಿ ಆ ತೂತು ತೆಗೆದಿದ್ದಾರೆ.

ಪೈಗೂ ಕುಂದಿದೆ. ಕರೆಂಟ್ ದಿಢೀರ್ ಹೋದರೆ ಅದರ ಮೆಮೊರಿ ಕಾರ್ಡ್ ಕೆಡಬಹುದು. ಅದಕ್ಕೇ ಇನ್ನೊಂದು ಕಾರ್ಡ್ ಸಿದ್ಧ ಮಾಡಿ ಅವ್ವನ ಕೈಗೆ ಕೊಟ್ಟಿದ್ದೇನೆ. ಓಡುತ್ತಿರುವ ಹಾರ್ಡ್ ಡಿಸ್ಕ್‌ಗೂ ಕರೆಂಟ್ ಹೋಗುವುದು ಒಳ್ಳೆಯದಲ್ಲ. ಆರೂ ಫೈಲ್‌ಗಳನ್ನು 128 ಜಿಬಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಮೂಲ ಡಿಸ್ಕ್ ಟ್ರಂಕಿನಲ್ಲಿಟ್ಟೆ. ಪೆನ್‌ಡ್ರೈವ್ ಫ್ಯಾಟ್32 ಎಂದಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಒಂದೇ ಪ್ರತಿ ಇಟ್ಟುಕೊಂಡು ಇಷ್ಟು ವರ್ಷ ಹೇಗೆ ಸುಮ್ಮನಿದ್ದೆ ಎಂದು ಈಗ ಭಯವಾಗುತ್ತದೆ.

ನಿಮ್ಮ ಮನೆಯಲ್ಲಿ 4ಕೆ ಟಿವಿ ಇದ್ದು, ಹೊಸ ಸಿನಿಮಾ ಫೈಲ್‌ಗಳನ್ನೂ ನೋಡುವವರಿದ್ದರೆ ಇಂಟೆಲ್ ಎನ್100 ಇರುವ ಮಿನಿ ಕಂಪ್ಯೂಟರ್ ನೋಡಿ. 2023ರಲ್ಲಿ ಬಂದ ಚಿಪ್ ಅದು. ಇಂಟೆಲ್ ಹೇಳುವಂತೆ 6 ವ್ಯಾಟ್‌ನದು, ಎಚ್‌ಇವಿಸಿ ಜೊತೆಗೆ ಯೂಟ್ಯೂಬ್ ಈಗ ಬಳಸುವ ಎವಿ1 ಅನ್ನೂ ಬಿಡಿಸುತ್ತದೆ. ಅದರ ಜೊತೆ ಯುಎಸ್‌ಬಿಗೆ ಚುಚ್ಚುವ ರಿಮೋಟ್ ಮರೆಯಬೇಡಿ. ಕರೆಂಟ್ ಬಂದ ಕೂಡಲೇ ತಾನಾಗಿ ಆನ್ ಆಗುವ ಆಯ್ಕೆ ಬಯೋಸ್‌ನಲ್ಲಿ ಇದೆಯೇ ಎಂದೂ ಅಂಗಡಿಯಲ್ಲೇ ಕೇಳಿ.

ಆಫೀಸಿನ ಪೆಟ್ಟಿಗೆ ಈಗ ತಂಗಿಯ ಓದಿನ ಮೇಜಿನ ಮೇಲಿದೆ. ಪಿಯುಸಿಯ ಕಂಪ್ಯೂಟರ್ ಪಾಠಕ್ಕೆ ಅದು ಚೆನ್ನಾಗಿ ಒದಗಿದೆ.

ಮೊನ್ನೆ ಅಮಾಸಿಗೆ ಊರಿಗೆ ಹೋಗಿದ್ದೆ. ಮ್ಯಾಳಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬ ಪಡಸಾಲೆಯಲ್ಲಿ ಕೂತಿದ್ದ. ಅಪ್ಪ ರಿಮೋಟ್ ಹಿಡಿದು ಒಂದು ಹಾಡು ಹಚ್ಚಿದ, ನಡುವೆ ತಡೆದ. ಹುಡುಗ ಅಷ್ಟನ್ನು ಹಾಡಿದ. ಅಪ್ಪ ತಲೆ ಅಲ್ಲಾಡಿಸಿ ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿಸಿದ. ಹೀಗೇ ಮುಕ್ಕಾಲು ತಾಸು ನಡೆಯಿತು.

ಒಂದು ಕಡೆ ಅಪ್ಪ ತಾನೇ ತಡೆದು ನನ್ನ ಕಡೆ ತಿರುಗಿದ. 'ಇಲ್ಲಿ ನಾನೂ ಸುರ ತಪ್ಪೀನಿ ನೋಡು' ಎಂದು ನಕ್ಕ. ಆಮೇಲೆ ಹುಡುಗನಿಗೆ ಸನ್ನೆ ಮಾಡಿ, ಆ ಸಾಲು ದಾಟಿಸಿ ಮುಂದಿನದನ್ನು ಹಚ್ಚಿದ.