ಕಡಲ ಮೇಲೊಂದು ಪಾಠಶಾಲೆ

ನಮ್ಮ ಪಶ್ಚಿಮ ಕರಾವಳಿಯಿಂದ ಸುಮಾರು 475 ಕಿಲೋಮೀಟರು ದೂರದಲ್ಲಿ, ಅರಬ್ಬೀ ಸಮುದ್ರದ ತಳದಲ್ಲಿ ವಿಶಾಲವಾದ ತಗ್ಗೊಂದಿದೆ. ಭೂವಿಜ್ಞಾನಿಗಳು ಅದಕ್ಕಿಟ್ಟ ಹೆಸರು ಲಕ್ಷ್ಮೀ ಬೇಸಿನ್. 2015ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ 'ಜಾಯ್ಡಿಸ್ ರೆಸಲ್ಯೂಷನ್' ಎಂಬ ಹಡಗು ಅಲ್ಲಿ ನಿಂತು, ಮೂರೂವರೆ ಕಿಲೋಮೀಟರಿಗೂ ಮಿಕ್ಕ ಆಳದ ನೀರಿನೊಳಗೆ ಕೊಳವೆ ಇಳಿಸಿ, ತಳದ ಕೆಸರನ್ನು 1,100 ಮೀಟರಿನಷ್ಟು ಕೊರೆಯಿತು. ಅಷ್ಟು ಆಳದಲ್ಲಿ ಲಂಗರು ಹಾಕುವಂತಿಲ್ಲ. ಹಡಗಿನ ಅಡಿಯಲ್ಲಿರುವ ಚಾಲಕ ಯಂತ್ರಗಳು ಗಾಳಿಗೂ ಅಲೆಗೂ ಎದುರಾಗಿ ಅದನ್ನು ಒಂದೇ ಬಿಂದುವಿನ ಮೇಲೆ ಹಿಡಿದಿಡುತ್ತಿದ್ದವು.

ಈ ಹಡಗಿನ ಅನೇಕ ಯಾನಗಳಲ್ಲಿ ವಿಜ್ಞಾನಿಗಳೊಡನೆ ಶಾಲಾ ಶಿಕ್ಷಕರಿಗೂ ಸ್ಥಾನವಿತ್ತೆಂಬುದು ಶಿಕ್ಷಕರಾದ ನಮಗೆ ಸೋಜಿಗದ ಸಂಗತಿ. ಬಯಲುಸೀಮೆಯ ನಾವು ಕಡಲನ್ನು ಬೋಧಿಸಿದ್ದು ಹೆಚ್ಚಾಗಿ ಗೋಡೆಯ ಭೂಪಟದ ನೀಲಿಬಣ್ಣ ತೋರಿಸಿ. ಅಲ್ಲಿಯ ಶಿಕ್ಷಕರಾದರೋ ಎರಡು ತಿಂಗಳು ನೆಲ ಕಾಣದೆ, ಹನ್ನೆರಡು ಗಂಟೆಗಳ ಪಾಳಿಯ ನಡುವೆ ಬಾಳಿ, ಹಡಗಿನಿಂದಲೇ ದೂರದ ತರಗತಿಗಳೊಡನೆ ದೃಶ್ಯ ಸಂಪರ್ಕದಲ್ಲಿ ಮಾತನಾಡುತ್ತಿದ್ದರು. ಊಟವೇನು, ನಿದ್ರೆ ಬರುತ್ತದೆಯೇ ಎಂಬುದೇ ಮಕ್ಕಳ ಮೊದಲ ಪ್ರಶ್ನೆಯಾಗಿದ್ದರೆ ನಮಗೇನೂ ಆಶ್ಚರ್ಯವಿಲ್ಲ!

ಕೊಳವೆಯಿಂದ ಸುಮಾರು ಒಂಬತ್ತೂವರೆ ಮೀಟರು ಉದ್ದದ ಮಣ್ಣಿನ ಕಂಬ ಮೇಲೆ ಬಂದೊಡನೆ ಕರೆ ಮೊಳಗುತ್ತದೆ, ಎಲ್ಲರೂ ಧಾವಿಸುತ್ತಾರೆ. ಕಂಬವನ್ನು ತುಂಡರಿಸಿ ಉದ್ದಕ್ಕೆ ಸೀಳುತ್ತಾರೆ. ಒಂದು ಹೋಳು ಪರೀಕ್ಷೆಗೆ, ಇನ್ನೊಂದು ಮುಂದಿನವರಿಗಾಗಿ ಮೀಸಲು. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಜೀವಿಗಳ ಚಿಪ್ಪುಗಳೂ ಕಣಗಳಲ್ಲಿ ಉಳಿದ ಕಾಂತತ್ವದ ದಿಕ್ಕೂ ಆ ಪದರಗಳ ವಯಸ್ಸನ್ನು ಹೇಳುತ್ತವೆ. ಸಿಂಧೂ ನದಿ ಹಿಮಾಲಯವನ್ನು ಕೊರೆದು ತಂದ ಮಣ್ಣು ಅಲ್ಲಿದೆ; ನಮ್ಮ ಪರ್ಯಾಯದ್ವೀಪದ ನದಿಗಳು ತಂದದ್ದೂ ಬೆರೆತಿದೆ. ಮಳೆ ಬಲಿತಾಗ ಬೆಟ್ಟ ಸವೆಯುವ ಬಗೆ ಬೇರೆ, ಕುಂದಿದಾಗ ಬೇರೆ. ಆದ್ದರಿಂದ ಆ ಕೆಸರು ಮುಂಗಾರಿನ ದಿನಚರಿಯೇ ಸರಿ. ಜೂನ್ ಬಂದೊಡನೆ ಮುಗಿಲು ನೋಡುವ ರೈತನಿಗೆ ಇದು ಪರರ ವಿಷಯವಲ್ಲ.

ಆದರೆ ಆ ದಿನಚರಿ ಇಡಿಯಾಗಿ ಸಿಕ್ಕಲಿಲ್ಲ. ಸುಮಾರು 1 ಕೋಟಿ 8 ಲಕ್ಷ ವರ್ಷಗಳ ಹಿಂದೆ ಕಡಲಂಚಿನ ದಿಬ್ಬವೊಂದು ಕುಸಿದು, ಸುಣ್ಣಕಲ್ಲಿನ ಸಮೇತ ಆ ತಗ್ಗಿಗೆ ಜಾರಿತ್ತು. ಕೊರೆದ ಒಂದು ತಾಣದಲ್ಲಿ ಆ ರಾಶಿಯ ದಪ್ಪ 300 ಮೀಟರಿಗೂ ಹೆಚ್ಚು. ವಿಜ್ಞಾನಿಗಳು ಅದನ್ನು 'ನಟರಾಜ ಕುಸಿತ'ವೆಂದು ಕರೆದರು. ಹೆಸರು ನಮಗೆ ಒಪ್ಪಿತವೆನಿಸಿತು. ಹಿಮಾಲಯ ತಲೆಯೆತ್ತಿದ ಕಾಲದವರೆಗೆ ಎಡೆಬಿಡದೆ ಸಾಗುವ ದಾಖಲೆಯನ್ನು ಹುಡುಕಿ ಹೋದವರಿಗೆ ನಡುವೆ ಹರಿದ ಪುಟಗಳು ಎದುರಾದವು. ತಳದ ಶಿಲೆ ಯಾವ ಬಗೆಯದೆಂಬ ವಾದವೂ ಅಲ್ಲಿಗೇ ಮುಗಿಯಲಿಲ್ಲ.

ಶಿಕ್ಷಕರ ಹೊಣೆ ಇಲ್ಲಿಯೇ ಭಾರವಾಗುವುದು ಎಂದು ನಮ್ಮ ಭಾವನೆ. ಪಠ್ಯದಲ್ಲಿ ಉತ್ತರಗಳಷ್ಟೇ ಇರುತ್ತವೆ. ದೊರೆಯದ ಪುಟವನ್ನೂ, ಒಂದೇ ಕಲ್ಲನ್ನು ಕುರಿತು ಇಬ್ಬರು ವಿದ್ವಾಂಸರು ಒಪ್ಪದಿರುವುದನ್ನೂ ಮಕ್ಕಳಿಗೆ ಮುಚ್ಚದೆ ತೋರಿಸಲು, ಅದನ್ನು ಕಂಡ ಶಿಕ್ಷಕರೇ ಬೇಕು.

ಆ ಹಡಗಿನ ವೈಜ್ಞಾನಿಕ ಸೇವೆ 2024ರಲ್ಲಿ ಮುಗಿಯಿತು. ಹಿಂದೂ ಮಹಾಸಾಗರದ ಮಣ್ಣಿನ ಕಂಬಗಳನ್ನು ಕಾಪಿಡುವ ತಾಣ ಕೊಚ್ಚಿ. ಕೇರಳದ ಕೊಚ್ಚಿಯಲ್ಲ, ಜಪಾನಿನದು. ಅಲ್ಲಿಯ ತಣ್ಣನೆಯ ಕೋಣೆಗಳಲ್ಲಿ ಸೀಳಿದ ಹೋಳುಗಳು ಸಾಲಾಗಿ ಮಲಗಿವೆ.