ಎತ್ತರದ ಗಿಡ, ಕಾಕಾನ ಲೆಕ್ಕ

ಹುಬ್ಬಳ್ಳಿಯಿಂದ ದಾವಣಗೆರೆ ಕಡೆ ಪ್ಯಾಸೆಂಜರ್ ರೈಲು ಹತ್ತಿದರೆ ಮೊದಲು ಹಾವೇರಿ, ಆಮೇಲೆ ಬ್ಯಾಡಗಿ, ಆಮೇಲೆ ರಾಣೆಬೆನ್ನೂರು. ಮೂರೂ ಹತ್ತಿರ ಹತ್ತಿರದ ಊರುಗಳು. ಆದರೆ 'ಇಳುವರಿ' ಅನ್ನೋ ಒಂದೇ ಪದಕ್ಕೆ ಇಲ್ಲಿ ಮೂರು ಅರ್ಥ ಇದೆ.

ಹಾವೇರಿ ಮಾರ್ಕೆಟ್‌ಗೆ ಟೊಮೆಟೊ ತರೋ ರೈತನಿಗೆ ಇಳುವರಿ ಅಂದ್ರೆ ತೂಕ, ಎಷ್ಟು ಬಾಕ್ಸ್ ತುಂಬಿತು ಅನ್ನೋದು. ಬ್ಯಾಡಗಿಯ ಮೆಣಸಿನಕಾಯಿ ಟೊಮೆಟೊ ಕುಟುಂಬದ್ದೇ ಬೆಳೆ. ಅಲ್ಲಿ ತೂಕದ ಜೊತೆ ಬಣ್ಣಕ್ಕೂ ಬೆಲೆ. ಖಾರ ಕಡಿಮೆ, ಕೆಂಪು ಜಾಸ್ತಿ ಇರೋ ಈ ಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಅದರಿಂದ ತೆಗೆಯೋ ಬಣ್ಣ ಲಿಪ್‌ಸ್ಟಿಕ್‌ವರೆಗೂ ಹೋಗುತ್ತೆ. ಇನ್ನು ರಾಣೆಬೆನ್ನೂರಿನ ಸುತ್ತ ಹೈಬ್ರಿಡ್ ಬೀಜೋತ್ಪಾದನೆ ಮಾಡೋ ಹಳ್ಳಿಗಳಲ್ಲಿ ಟೊಮೆಟೊ ಹಣ್ಣಿಗೆ ಬೆಲೆಯೇ ಇಲ್ಲ. ಹಣ್ಣು ಹಿಂಡಿ, ರಸ ಚೆಲ್ಲಿ, ಬೀಜ ಮಾತ್ರ ತೊಳೆದು ಒಣಗಿಸ್ತಾರೆ. ಬೀಜ ಎಷ್ಟು ಕೆಜಿ ಬಂತು ಅನ್ನೋದೇ ಅಲ್ಲಿಯ ಇಳುವರಿ.

ನಮ್ಮ ಕಾಕಾ ಈ ಮೂರನೇ ಗುಂಪಿನವರು. ಒಂದು ಕಂಪನಿಗೆ ಟೊಮೆಟೊ ಬೀಜ ಬೆಳೆದು ಕೊಡ್ತಾರೆ. ಹೋದ ವರ್ಷ ಅವರ ಹೊಲದಲ್ಲಿ ಗಿಡ ಎಷ್ಟು ಸೊಂಪಾಗಿ ಬೆಳೆದಿತ್ತು ಅಂದ್ರೆ, ಊರವರು ನಿಂತು ನೋಡಿ ಹೋಗ್ತಿದ್ದರು. ಕೊನೆಗೆ ಬೀಜ ಲೆಕ್ಕಕ್ಕಿಂತ ಕಡಿಮೆ ಬಂತು. ಬಂದ ಬೀಜವೂ ಶುದ್ಧತೆ ಪರೀಕ್ಷೆಯಲ್ಲಿ ಫೇಲ್ ಆಯ್ತು. ಲಾಟ್ ವಾಪಸ್, ದುಡ್ಡಿಲ್ಲ. ಕೂಲಿಗೆ ಅಂತ ತಂದ ಸಾಲ ಮಾತ್ರ ಹಾಗೇ ಉಳಿತು.

ರಜೆಗೆ ಹೋದಾಗ ಕಾಕಾ ಕೇಳಿದರು: "ತಮ್ಮಾ, ನೀ ಇಂಜಿನಿಯರಿಂಗ್ ಓದಾಕತ್ತೀದಿ. ಗಿಡ ಅಷ್ಟ ಚಂದ ಬೆಳದಿತ್ತು, ಮತ್ತ ಬೀಜ ಯಾಕ ಕಡಿಮಿ ಆತು? ಈ ವರ್ಷ ಹಾಕಲ್ಯೋ ಬ್ಯಾಡೋ?"

ನಾನು ಓದ್ತಿರೋದು ಅಗ್ರಿ ಅಲ್ಲ. ನನ್ನ ಹತ್ತಿರ ಇದ್ದದ್ದು ಮ್ಯಾಥ್ಸ್ ಪೇಪರಿನ ಕೋರಿಲೇಶನ್ ಚಾಪ್ಟರ್ ಒಂದೇ. ಅದಕ್ಕೆ ಕನ್ನಡದಲ್ಲಿ 'ಸಹಸಂಬಂಧ' ಅಂತಾರೆ ಅಂತ ಆಗಲೇ ಗೊತ್ತಾಗಿದ್ದು. ಕಾಕಾಗೆ 'ನಂಟು' ಅಂದೆ, ತಕ್ಷಣ ಅರ್ಥ ಆಯ್ತು. ಪಕ್ಕದ ಹೊಲದಲ್ಲಿ ಮಾರ್ಕೆಟ್‌ಗೆ ಬೆಳೆದ ಟೊಮೆಟೊ ಇತ್ತು. ಟೇಪ್ ಹಿಡಿದು ಒಂದಿಷ್ಟು ಗಿಡಗಳ ಎತ್ತರ ಅಳೆದೆ, ಕಾಯಿ ಎಣಿಸಿದೆ, ಗ್ರಾಫ್ ಹಾಕಿದೆ. ಎತ್ತರಕ್ಕೂ ಇಳುವರಿಗೂ ಹಾಕಿದ ಚುಕ್ಕೆಗಳು ಪೇಪರ್ ಮೇಲೆ ಮಂಡಕ್ಕಿ ಚೆಲ್ಲಿದ ಹಾಗಿದ್ದವು. ಕಾಯಿ ಸಂಖ್ಯೆಗೂ ಇಳುವರಿಗೂ ಹಾಕಿದಾಗ ಮಾತ್ರ ಒಂದು ಗೆರೆ ಕಾಣಿಸಿತು.

ಇದು ಮ್ಯಾಜಿಕ್ ಏನಲ್ಲ. ಒಂದು ಗಿಡದ ಇಳುವರಿ ಅಂದ್ರೆ ಕಾಯಿ ಸಂಖ್ಯೆ ಇಂಟು ಒಂದು ಕಾಯಿಯ ಸರಾಸರಿ ತೂಕ. ಈ ಸೂತ್ರದಲ್ಲಿ ಎತ್ತರ ಅನ್ನೋ ಟರ್ಮೇ ಇಲ್ಲ. ಎಲೆ ಸಕ್ಕರೆ ಮಾಡುತ್ತೆ. ಆ ಸಕ್ಕರೆ ಹೊಸ ಎಲೆಗೆ ಹೋಗಬೇಕೋ ಕಾಯಿಗೆ ಹೋಗಬೇಕೋ ಅನ್ನೋದೇ ಪ್ರಶ್ನೆ. ಯೂರಿಯಾದಲ್ಲಿ 46% ಸಾರಜನಕ ಇರುತ್ತೆ. ಅದನ್ನು ಮಿತಿ ಮೀರಿ ಸುರಿದರೆ ಗಿಡ ಎಲೆ ಕಡೆಗೇ ವಾಲುತ್ತೆ, ಹೂ ತಡ ಆಗುತ್ತೆ.

ತಳಿಯ ಪಾತ್ರವೂ ಇದೆ. ಕೆಲವು ಟೊಮೆಟೊ ತಳಿ ಬಳ್ಳಿ ಥರ ಬೆಳೀತಾನೇ ಇರುತ್ತವೆ. ಕೆಲವು ಒಂದು ಹಂತಕ್ಕೆ ನಿಂತು, ಒಟ್ಟಿಗೆ ಕಾಯಿ ಬಿಡುತ್ತವೆ. ಬೆಳವಣಿಗೆ ನಿಲ್ಲಿಸೋ ಮ್ಯುಟೇಶನ್ 1914ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ತಾನಾಗಿ ಕಾಣಿಸಿಕೊಂಡಿತು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಇವೆರಡರ ನಡುವಿನದು. ಎಲೆ ಮುದುಡು ನಂಜಾಣು ರೋಗ, ಸೊರಗು ರೋಗ, ಎಲೆಚುಕ್ಕೆ ಅಂಗಮಾರಿ, ಮೂರನ್ನೂ ತಡೆಯುತ್ತೆ.

ನನಗೆ ತುಂಬಾ ಹಿಡಿಸಿದ್ದು 2010ರ ಒಂದು ಸಂಶೋಧನೆ. ಹೂ ಬಿಡು ಅಂತ ಗಿಡಕ್ಕೆ ಸಿಗ್ನಲ್ ಕೊಡೋ ಒಂದು ಜೀನ್ ಇದೆ. ಅದರ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿದ್ದರೆ ಇಳುವರಿ 60%ವರೆಗೂ ಏರಿತು. ಎರಡೂ ಕೆಟ್ಟರೆ ಬರೀ ಎಲೆ. ಎರಡೂ ಸರಿ ಇದ್ದರೆ ಬೆಳವಣಿಗೆ ಬೇಗ ನಿಲ್ಲುತ್ತೆ. ಗೇನ್ ಜಾಸ್ತಿಯೂ ಆಗಬಾರದು, ಕಡಿಮೆಯೂ ಆಗಬಾರದು. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಹೊಸದಲ್ಲ.

ಆದರೆ ಕಾಕಾನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕ್ರಾಸಿಂಗ್ ಮಾಡೋ ಹೆಣ್ಮಕ್ಕಳಿಂದ. ಹೂ ಅರಳೋ ಹಿಂದಿನ ದಿನ ಮೊಗ್ಗು ಬಿಡಿಸಿ, ಚಿಮುಟದಿಂದ ಗಂಡು ಭಾಗ ಕೀಳ್ತಾರೆ. ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗ ಮುಟ್ಟಿಸ್ತಾರೆ. ಗುರುತಿಗೆ ಹೂವಿನ ಹಸಿರು ಎಸಳನ್ನ ಕತ್ತರಿಸ್ತಾರೆ. ಟೊಮೆಟೊ ಹೂ ತನ್ನ ಪರಾಗ ತಾನೇ ಮಾಡಿಕೊಳ್ಳೋದರಿಂದ, ಕೈಗೆ ಸಿಗದ ಒಂದೊಂದು ಮೊಗ್ಗೂ ಸೆಲ್ಫ್ ಕಾಯಿ ಆಗುತ್ತೆ.

"ಹೋದ ವರ್ಷ ಎಲಿ ಭಾಳ ಇತ್ರೀ," ಅಂದರು ಅವರಲ್ಲಿ ಹಿರಿಯರೊಬ್ಬರು. "ಒಳಗಿನ ಮೊಗ್ಗಿ ಕಣ್ಣಿಗೇ ಬೀಳತಿರಲಿಲ್ಲ."

ಅಲ್ಲಿಗೆ ಎಲ್ಲ ಕೂಡಿತು. ಎಲೆ ದಟ್ಟ ಆಯ್ತು, ಮೊಗ್ಗು ಮರೆಯಾಯ್ತು, ಕ್ರಾಸ್ ಕಡಿಮೆ ಆಯ್ತು. ಅದಕ್ಕೇ ಬೀಜ ಕಡಿಮೆ. ಬಿಟ್ಟುಹೋದ ಮೊಗ್ಗು ಸೆಲ್ಫ್ ಕಾಯಿ ಆಗಿ, ಕೊಯ್ಯುವಾಗ ಒಂದಿಷ್ಟು ಕಣ್ಣುತಪ್ಪಿ ಸೇರಿಕೊಂಡವು. ಅದಕ್ಕೇ ಲಾಟ್ ಫೇಲ್. ಊರವರು ನಿಂತು ನೋಡಿದ ಆ ಸೊಂಪೇ ಕಾಕಾನ್ನ ಮುಳುಗಿಸಿತ್ತು.

ಹಾಕಿ ಅಂತಾನೂ ಬೇಡ ಅಂತಾನೂ ನಾನು ಹೇಳಲಿಲ್ಲ. ಸಾಲ ಅವರದು. ಗ್ರಾಫ್ ತೋರಿಸಿ, ಆ ಹಿರಿಯರ ಮಾತು ತಿಳಿಸಿದೆ. ಕಾಕಾ ಸುಮ್ಮನೆ ಕೇಳಿ, "ಹಂಗಾರ ಎತ್ತರಕ್ಕ ಯಾರೂ ರೊಕ್ಕ ಕೊಡಂಗಿಲ್ಲ ಅನ್ನು" ಅಂದರು.

ಈ ಸಲ ಅರ್ಧ ಜಾಗದಲ್ಲಿ ಮಾತ್ರ ಹಾಕಿದ್ದಾರೆ. ಸಾಲಿನ ಅಂತರ ಜಾಸ್ತಿ, ಯೂರಿಯಾ ಕಡಿಮೆ. ಗಿಡ ನೋಡೋಕೆ ಸಾಧಾರಣ, ಯಾರೂ ನಿಂತು ನೋಡ್ತಿಲ್ಲವಂತೆ. ಬೀಜದ ರಿಸಲ್ಟ್ ನಮ್ಮ ಸೆಮ್ ರಿಸಲ್ಟ್ ಬರೋ ಹೊತ್ತಿಗೇ ಬರಬಹುದು. ನಮಗಾದರೆ ರಿವ್ಯಾಲ್ಯುಯೇಶನ್ ಇದೆ, ಕಾಕಾಗೆ ಅದಿಲ್ಲ.