ಮುಂಬೈ ಲಾಡ್ಜಿನ ರಿಜಿಸ್ಟರಿನಲ್ಲಿ ಅವ್ವನ ಹೆಸರು



ಈ ಸಲ ಡಿಸೆಂಬರ್ 6ಕ್ಕೆ ಅವ್ವನ್ನ ಕರಕೊಂಡು ಮುಂಬೈಗೆ ಹೊಂಟೀನಿ, ಚೈತ್ಯಭೂಮಿಗೆ. ಜೊತೆಗೆ ಪಿಯುಸಿ ಓದೋ ಮಗಳು. ಮಗಳ ಅಪ್ಪನಿಗೆ ಸಕ್ಕರೆ ಕಾರ್ಖಾನೆಯ ಸೀಸನ್, ರಜೆ ಇಲ್ಲ. ಹಿಂಗಾಗಿ ಮೂರು ಜನ ಹೆಂಗಸರು. ದಾದರ್ ಹತ್ತಿರ ಲಾಡ್ಜ್ ಬುಕ್ ಮಾಡೀನಿ ಅಂತ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದಕ್ಕೆ ಹಿರಿಯ ಸಂಗಾತಿಯೊಬ್ಬರು ಬರೆದರು: "ಲಕ್ಷಾಂತರ ಜನ ಶಿವಾಜಿ ಪಾರ್ಕಿನ ಮಣ್ಣಾಗ ಮಲಗತಾರ. ನೀವು ನೌಕರದಾರರು, ನಿಮಗ ಲಾಡ್ಜ್ ಬೇಕು." ಕೊನೆಗೊಂದು ನಗುವ ಇಮೋಜಿ ಬೇರೆ.

ಎರಡು ದಿನ ಉತ್ತರ ಕೊಡಲಿಲ್ಲ. ಒಂದು ಸಾಲಿನಲ್ಲಿ ಮುಗಿಯೋ ಉತ್ತರ ಅದಲ್ಲ. ಅದಕ್ಕೇ ಇಲ್ಲಿ ಬರೆಯಾಕತ್ತೀನಿ. ಉದ್ದ ಆದೀತು, ಸಮಾಧಾನದಿಂದ ಓದಿರಿ.

ಮೊದಲೆಲ್ಲ ನಮಗೆ ಮುಂಬೈಯಲ್ಲಿ ಲಾಡ್ಜಿನ ಪ್ರಶ್ನೆಯೇ ಇರಲಿಲ್ಲ. ಅವ್ವನ ಅಣ್ಣ, ನನ್ನ ಸೋದರಮಾವ, ಮುಂಬೈ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಹಡಗು ನಿಲ್ಲುವ ಡಾಕಿಗೆ ಅಲ್ಲಿ ಗೋದಿ ಅಂತಾರೆ. "ನಿಮ್ಮಣ್ಣ ಗೋದಿಯಾಗ ಕೆಲಸಾ ಮಾಡತಾನ" ಅಂತ ಹತ್ತರಗಿಗೆ ಸುದ್ದಿ ಬಂದಾಗ ಅವ್ವ ಇನ್ನೂ ಸಣ್ಣ ಹುಡುಗಿ. ಅಣ್ಣ ಗೋಧಿ ಹೊಲದಾಗ ದುಡಿಯಾಕ ಹೋಗ್ಯಾನ, ಬರುವಾಗ ಒಂದು ಚೀಲ ಗೋಧಿ ಹೊತ್ತು ತರತಾನ ಅಂತ ತಿಳಕೊಂಡಿದ್ದಳಂತೆ. ಜೋಳದ ರೊಟ್ಟಿಯೇ ದಿನಾ ಸಿಗದ ಕಾಲ. ಮಾವ ಬಂದದ್ದು ಬರೇ ಕೈಯಲ್ಲಿ, ಆದರೆ ಬಾಬಾಸಾಹೇಬರ ಒಂದು ಫೋಟೊ ತಂದಿದ್ದ. ಅದು ಇವತ್ತಿಗೂ ನಮ್ಮ ಮನೆಯ ಗೋಡೆ ಮೇಲಿದೆ.

ಶಿವಡಿ ಕಡೆ ಅವನದೊಂದು ಖೋಲಿ. ಹತ್ತು ಫೂಟು ಉದ್ದ, ಹತ್ತು ಫೂಟು ಅಗಲ. ಡಿಸೆಂಬರ್ 6 ಬಂತಂದ್ರೆ ಊರಿನ ಹದಿನೈದು ಇಪ್ಪತ್ತು ಮಂದಿ ಅಲ್ಲೇ ಇಳಿಯೋರು. ಹೆಂಗಸರು ಒಳಗೆ, ಗಂಡಸರು ಹೊರಗೆ ಪಡಸಾಲಿಯಲ್ಲಿ. ಮಾವ ಅವತ್ತು ಗೋದಿಯ ಅಂಗಳದಲ್ಲೇ ಮಲಗುತ್ತಿದ್ದ. ಈಗ ಮಾವ ಇಲ್ಲ, ಮಕ್ಕಳು ಆ ಖೋಲಿ ಮಾರಿ ದೂರ ಹೋದರು. ನಮಗೆ ಮುಂಬೈಯಲ್ಲಿ ಇದ್ದ ಒಂದೇ ಬಾಗಿಲು ಅದು.

ಆಮೇಲೆ ನಾನು ಒಮ್ಮೆ ಸಂಘದವರ ಜೊತೆ ಹೋಗಿ ಶಿವಾಜಿ ಪಾರ್ಕಿನಲ್ಲಿ ಇದ್ದೆ. ಆ ರಾತ್ರಿ ಮರೆಯೋ ಹಂಗಿಲ್ಲ. ಪಾಲಿಕೆಯವರ ಮಂಟಪ, ನೀರಿನ ನಳ, ಎಲ್ಲಿ ನೋಡಿದರೂ ಪುಸ್ತಕದ ಅಂಗಡಿ, ಯಾರೋ ಗುರುತಿಲ್ಲದವರು ಕರೆದು ಅನ್ನ ಹಾಕೋದು, ಬೆಳಗಾಗೋತನಕ ಭೀಮಗೀತೆ. ಆದರೆ ಆ ರಾತ್ರಿ ನಾನು ಮುಟ್ಟಾಗಿದ್ದೆ. ಸಂಡಾಸದ ಪಾಳಿ ಅಷ್ಟುದ್ದ. ಅಷ್ಟು ಲಕ್ಷ ಜನರಿಗೆ ಎಷ್ಟು ಕಟ್ಟಿದರೂ ಸಾಲದು, ಅದರಲ್ಲಿ ಯಾರ ತಪ್ಪೂ ಇಲ್ಲ. ಸಂಜೆ ಐದರಿಂದ ಬೆಳಗಿನತನಕ ನೀರು ಕುಡಿಯಲಿಲ್ಲ, ಅಷ್ಟೇ. ನಮ್ಮ ಹಿರಿಯ ಸಂಗಾತಿ ಅದೇ ಮಂಟಪದಲ್ಲಿದ್ದರು. ಅವರಿಗೆ ಇದು ಗೊತ್ತಾಗಿರಲಿಕ್ಕಿಲ್ಲ.

ಅವ್ವನಿಗೆ ಈಗ 71. ಎರಡೂ ಮೊಣಕಾಲು ಹೋಗ್ಯಾವು. ಕೆಳಗೆ ಕೂತರೆ ಏಳಾಕ ಇಬ್ಬರು ಬೇಕು. ಪ್ರತಿ ವರ್ಷ ಡಿಸೆಂಬರ್ 6ಕ್ಕೆ ನಾನು ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲಿ ಮಾನವ ಬಂಧುತ್ವ ವೇದಿಕೆಯ ಕಾರ್ಯಕ್ರಮಕ್ಕೆ ಹೋಗುತ್ತೇನೆ. ಈ ಸಲ ಅವ್ವ ಕೂತಲ್ಲಿಂದಲೇ ಕೇಳಿದಳು: "ನಮ್ಮಣ್ಣ ಹೋದ, ನಿಮ್ಮಪ್ಪ ಹೋದ. ನಾ ಅದನ್ನ ಒಮ್ಮೆ ನೋಡಿ ಸಾಯಬೇಕೋ ಬ್ಯಾಡೋ?" ಇಷ್ಟು ವರ್ಷ ಮನೆ ಕಾಯಾಕ ಒಬ್ಬರು ಬೇಕು ಅಂತ ಅವಳನ್ನ ಬಿಟ್ಟೇ ಎಲ್ಲರೂ ಹೋಗುತ್ತಿದ್ದೆವು. ನಾನೂ.

ಸರಿ, ಹೋಗೂಣ ಅಂದೆ. "ಹೊಟೇಲಿನ್ಯಾಗ ಇರೂದವಾ" ಅಂದಾಗ ಅವ್ವ ಗಾಬರಿಯಾದಳು. "ಹೊಟೇಲಿನ್ಯಾಗ ಹೆಂಗ ಮಲಗೂದು?" ನಮ್ಮ ಕಡೆ ಹೊಟೇಲ್ ಅಂದ್ರೆ ಚಾ, ಭಜಿ. ಅದರ ಹೊರಗೆ ನಿಂತು, ಬೇರೆ ಇಟ್ಟ ಕಪ್ಪು ತಾನೇ ತಕ್ಕೊಂಡು, ಕುಡಿದು, ತಾನೇ ತೊಳೆದಿಟ್ಟು ಬಂದಾಕಿ ಅವಳು. ಸಂವಿಧಾನದ 15(2)ನೇ ವಿಧಿಯಲ್ಲಿ ಅಂಗಡಿ, ಬಾವಿ, ಕೆರೆ, ರಸ್ತೆಗಳ ಜೊತೆ ಹೋಟೆಲ್ ಅನ್ನೋ ಪದ ಯಾಕೆ ಬಂತು ಅಂತ ಬಿಎ ಓದುವಾಗ ನನಗೆ ತಿಳಿದಿರಲಿಲ್ಲ. ಅವ್ವನ ಈ ಪ್ರಶ್ನೆ ಕೇಳಿದ ಮೇಲೆ ತಿಳೀತು.

ಇನ್ನ ಪ್ಲ್ಯಾನಿನ ವಿಷಯ. ಹೋಗೋರಿಗೆ ಉಪಯೋಗ ಆಗಲಿ ಅಂತ ಬಿಡಿಸಿ ಹೇಳತೀನಿ.

ಸಂಘದ ಕ್ರೂಸರ್ ಗಾಡಿ ಹತ್ತರಗಿ ಟೋಲ್ ನಾಕಾದಿಂದ ಹೊರಡುತ್ತದೆ. ಅವ್ವ ಅಷ್ಟು ಹೊತ್ತು ಕಾಲು ಮಡಚಿ ಕೂಡಲಾರಳು. ಹಿಂಗಾಗಿ ಬೆಳಗಾವಿಗೆ ಬಸ್ಸು (ಶಕ್ತಿ ಯೋಜನೆ, ಮೂವರಿಗೂ ಸೊನ್ನೆ ಟಿಕೆಟ್), ಅಲ್ಲಿಂದ ಹುಬ್ಬಳ್ಳಿ-ದಾದರ್ ಎಕ್ಸ್‌ಪ್ರೆಸ್. ರಿಸರ್ವೇಶನ್ ಈಗ 60 ದಿನ ಮುಂಚೆ ಮಾತ್ರ ತೆಗೀತಾರೆ. 4ನೇ ತಾರೀಖಿನ ಗಾಡಿಗೆ ಅಕ್ಟೋಬರ್ 5ರ ಬೆಳಿಗ್ಗೆಯೇ ಮಗಳು ಮೊಬೈಲ್ ಹಿಡಕೊಂಡು ಕೂತು ಅವ್ವನಿಗೆ ಕೆಳಗಿನ ಬರ್ತ್ ಹಿಡಿದಳು. ಹಿರಿಯ ನಾಗರಿಕರ ರಿಯಾಯಿತಿ 2020ರಲ್ಲಿ ನಿಂತದ್ದು ನಿಂತೇ ಹೋಯಿತು, ಪೂರಾ ದರ ಕೊಟ್ಟೆ. ಆಫೀಸಿನಲ್ಲಿ ಎರಡೂವರೆ ದಿನ ಸಿಎಲ್. 6ನೇ ತಾರೀಖು ಮೊದಲನೇ ಶನಿವಾರ, ಕೆಲಸದ ದಿನ.

ಲಾಡ್ಜ್ ಹುಡುಕೋದೇ ದೊಡ್ಡ ಕೆಲಸ. ಗಾಡಿ ನಸುಕಿನಲ್ಲಿ ದಾದರ್ ಮುಟ್ಟುತ್ತದೆ, ಬಹಳ ಲಾಡ್ಜಿನಲ್ಲಿ ಚೆಕ್ ಇನ್ ಮಧ್ಯಾಹ್ನ 12ಕ್ಕೆ. ಅಷ್ಟೊತ್ತು ಅವ್ವನ್ನ ಎಲ್ಲಿ ಕೂಡಿಸೋದು? ಹೋದ ಗಳಿಗೆಯಿಂದ 24 ತಾಸು ಎಣಿಸೋ ಲಾಡ್ಜ್ ಬೇಕು. 5ರ ಬೆಳಿಗ್ಗೆ ಹೊಕ್ಕು 6ರ ರಾತ್ರಿ ವಾಪಸ್ ಗಾಡಿ. ಎರಡು ದಿನದ ಬಾಡಿಗೆ ಆಗುತ್ತದೆ. ಸಾಮಾನು ಕ್ಲೋಕ್ ರೂಮಿನಲ್ಲಿಟ್ಟು ಒಂದು ದಿನದ್ದು ಉಳಿಸಬಹುದಿತ್ತು, ಆದರೆ ಸಮುದ್ರದ ದಂಡೆಯ ಆ ಪಾಳಿಯಲ್ಲಿ ನಿಂತು ಬಂದ ಮೇಲೆ ಅವ್ವನಿಗೆ ಒಂದು ಬಚ್ಚಲು, ಒಂದು ಕಮೋಡ್, ಕಾಲು ಚಾಚೋಕೆ ಒಂದು ಹಾಸಿಗೆ ಬೇಕಲ್ಲ. ಅದಕ್ಕೇ ತಾನೇ ಈ ರೂಮು.

ಇದೆಲ್ಲ ಯಾರು ಬೇಕಾದರೂ ಲೆಕ್ಕ ಹಾಕೋ ವಿಷಯ. ನಮ್ಮ ಲೆಕ್ಕದಲ್ಲಿ ಇನ್ನೊಂದು ಕಲಂ ಇರುತ್ತದೆ. ಹೆಸರು.

ನನಗೆ ಒಂಬತ್ತು ವರ್ಷ ಇದ್ದಾಗ ಅಪ್ಪ ನಮ್ಮನ್ನ ಒಂದು ಯಾತ್ರೆಯ ಊರಿಗೆ ಕರಕೊಂಡು ಹೋಗಿದ್ದ. ಅಪ್ಪ ಆಗ ಇನ್ನೂ ದೇವರನ್ನ ಬಿಟ್ಟಿರಲಿಲ್ಲ. ಲಾಡ್ಜಿನ ರಿಜಿಸ್ಟರಿನಲ್ಲಿ ಅಪ್ಪ 'ಪಾಟೀಲ' ಅಂತ ಬರೆದ. ಮೆಟ್ಟಿಲು ಹತ್ತುವಾಗ ನನ್ನ ಕಿವಿಯಲ್ಲಿ "ಯಾರ್ ಕೇಳಿದ್ರೂ ಮಾತಾಡಬ್ಯಾಡ" ಅಂದ. ರಾತ್ರಿ ನೀರಿನ ಕೊಡ ತಂದಿಟ್ಟ ಹುಡುಗ ಸುಮ್ಮನೆ "ನಿಮ್ಮ ಅಡ್ಡಹೆಸರೇನವಾ?" ಅಂದ. ನಾನು ಗೋಡೆಗೆ ಮುಖ ಮಾಡಿ ನಿದ್ದಿ ಬಂದವಳ ಹಂಗೆ ಮಲಗಿಬಿಟ್ಟೆ. ಅಪ್ಪ ಬೆಳಗಾಗೋತನಕ ಕುಂತೇ ಇದ್ದ. ರೊಕ್ಕ ಕೊಟ್ಟು ತಗೊಂಡ ಹಾಸಿಗೆ ಮೇಲೆ ಒಂದು ತಾಸೂ ಮಲಗಲಿಲ್ಲ.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ಬರೋಡಾದ ಕತೆ ಗೊತ್ತು. 1917. ಅಮೆರಿಕ, ಲಂಡನ್ ಮುಗಿಸಿ ಬಂದ ಮನುಷ್ಯ, ಬರೋಡಾ ಸಂಸ್ಥಾನದ ನೌಕರಿ, ಇರಲಿಕ್ಕೆ ಜಾಗ ಇಲ್ಲ. ಹಿಂದೂ ಹೋಟೆಲಿನವರು ಸೇರಿಸುವುದಿಲ್ಲ ಅಂತ ಪಾರ್ಸಿಗಳ ವಸತಿಗೃಹಕ್ಕೆ ಹೋದರು. ರಿಜಿಸ್ಟರಿಗೆ ಪಾರ್ಸಿ ಹೆಸರು ಬರೆಸಬೇಕಾಯಿತು. ದಿನಕ್ಕೆ ಒಂದೂವರೆ ರೂಪಾಯಿ. ಹನ್ನೊಂದನೇ ದಿನ ಕೋಲು ಹಿಡಿದ ಗುಂಪು ಬಂತು. ಇಬ್ಬರು ಗೆಳೆಯರ ಮನೆಯಲ್ಲೂ ಜಾಗ ಆಗಲಿಲ್ಲ. ಕಾಮಾಟಿ ಬಾಗಿನಲ್ಲಿ ಹೊತ್ತು ಕಳೆದು ರಾತ್ರಿ ಗಾಡಿಗೆ ಮುಂಬೈಗೆ ವಾಪಸ್. ಬಹಳ ಜನ ಆ ಕೋಲುಗಳ ಬಗ್ಗೆ ಮಾತಾಡುತ್ತಾರೆ. ನನಗೆ ಮಾತ್ರ ಅದಕ್ಕಿಂತ ಮೊದಲಿನ ಹತ್ತು ರಾತ್ರಿ ಕಾಡುತ್ತವೆ. ನಮ್ಮಪ್ಪ ಒಂದು ರಾತ್ರಿ ಕುಂತ ಹಂಗೆ.

ಈಗ ಆಧಾರ್ ಇದೆ, ಪಾಟೀಲ ಅಂತ ಬರೆಯೋ ದಾರಿಯೂ ಇಲ್ಲ. ನಮ್ಮ ಕಾರ್ಡಿನ ಮೇಲೆ 'ಮಾದರ' ಅಂತ ಇದೆ. ವೇದಿಕೆ ಮೇಲೆ ಮಾದಾರ ಚೆನ್ನಯ್ಯನ ಹೆಸರು ಹೇಳಿ ಚಪ್ಪಾಳೆ ಹೊಡೆಸಿಕೊಳ್ಳೋರು ಬಾಡಿಗೆ ಮನೆ ಕೇಳಾಕ ಹೋದಾಗ ಆ ಹೆಸರನ್ನ ಹೆಂಗ ಓದತಾರೆ ಅಂತ ನಿಮಗೆ ಗೊತ್ತಿದೆ.

ಮೊದಲನೇ ಲಾಡ್ಜಿಗೆ ಫೋನ್ ಮಾಡಿದೆ. ರೂಮ್ ಇದೆ ಅಂದ. ಎಷ್ಟು ಜನ, ಗಂಡಸರು ಯಾರೂ ಇಲ್ಲವಾ, ಯಾಕೆ ಬರತೀರಿ. "ಚೈತ್ಯಭೂಮಿ" ಅಂದೆ. ಒಂದು ಗಳಿಗೆ ಸುಮ್ಮನಾಗಿ "ಫುಲ್ ಹೈ ಮೇಡಂ" ಅಂದ. ಹತ್ತು ನಿಮಿಷ ಬಿಟ್ಟು ಮಗಳು ತನ್ನ ನಂಬರಿನಿಂದ ಮಾಡಿದಳು, ಅದೇ ತಾರೀಖು, ಮದುವೆಗೆ ಬರೋರು ಅಂದಳು. ರೂಮ್ ಇತ್ತು. ಪಿಸಿಆರ್ ಕಾಯ್ದೆಯ 4ನೇ ಕಲಂನಲ್ಲಿ ಹೋಟೆಲ್ ಸ್ಪಷ್ಟ ಇದೆ. ಆದರೆ ಫೋನಿನಲ್ಲಿ ಅವನು ನನ್ನ ಜಾತಿ ಕೇಳಿಲ್ಲ, ನಾನು ರೆಕಾರ್ಡ್ ಮಾಡಿಲ್ಲ. ಗದ್ದಲಕ್ಕೆ ಹೆದರಿದನೋ ನಮಗೆ ಹೆದರಿದನೋ. ಮಗಳು "ಮದುವಿ ಅಂತನ ಬುಕ್ ಮಾಡೂಣ, ಹೋದಮ್ಯಾಗ ಏನ ಮಾಡತಾರ?" ಅಂದಳು. ಬೇಡ ಅಂದೆ. ಅವ್ವನ್ನ ಸುಳ್ಳು ಹೇಳಿಸಿ ಬಾಬಾಸಾಹೇಬರ ಹತ್ತಿರ ಕರಕೊಂಡು ಹೋಗೋದಾ?

ಅಲ್ಲಿಂದ ಮುಂದೆ ಪ್ರತಿ ಫೋನಿನಲ್ಲೂ ಮೊದಲ ಮಾತೇ ಚೈತ್ಯಭೂಮಿ. ಒಬ್ಬಾತ ಬಹಳ ಮರ್ಯಾದೆಯಿಂದ ಮಾತಾಡಿ, ಅಡ್ಡಹೆಸರು ಕೇಳಿ, "ಮದರ್ ಕಾ ನಹೀ, ಸರ್‌ನೇಮ್ ಬೋಲೋ" ಅಂದ. ಮಗಳು ನಕ್ಕು ನಕ್ಕು ಬಿದ್ದಳು. ಅಲ್ಲಿ ದರ ಜಾಸ್ತಿ, ಬಿಟ್ಟೆವು.

ಪರೇಲ್ ಕಡೆ ಒಂದು ಲಾಡ್ಜ್. ಫೋನ್ ಎತ್ತಿದವರು ವಯಸ್ಸಾದವರು. ನನ್ನ ಹಿಂದಿ ಕೇಳಿ "ನೀವು ಕನ್ನಡದವರಾ?" ಅಂದರು. ಉಡುಪಿ ಕಡೆಯ ಮಾತು. ಖುಷಿಯಾಗಬೇಕಿತ್ತು. ಎದೆ ಧಸಕ್ ಅಂತು. ಮರಾಠಿಯವನಿಗೆ ಮಾದರ ಅಂದ್ರೆ ತಿಳಿಯಲಿಕ್ಕಿಲ್ಲ, ಕನ್ನಡದವರಿಗೆ ತಿಳಿಯುತ್ತದೆ. ಪರಊರಿನಲ್ಲಿ ನಮ್ಮ ಭಾಷೆ ಕೇಳಿ ನಾವು ಹೆದರೋದು ಯಾವ ಕನ್ನಡಪ್ರೇಮಿಗೂ ಅರ್ಥ ಆಗೋದಿಲ್ಲ. "ಅಜ್ಜಿಯ ಪೂರಾ ಹೆಸರು ಹೇಳಿ" ಅಂದರು. ಹೇಳಿದೆ. ಮಾದರ ಅಂತ ಒತ್ತಿಯೇ ಹೇಳಿದೆ. ಆ ಕಡೆ ಸುಮ್ಮನೆ. ಬರೆಯುತ್ತಿದ್ದರೋ ಏನೋ. ಆಮೇಲೆ, "ಅಜ್ಜಿಗೆ ಮೆಟ್ಟಿಲು ಹತ್ತಲಿಕ್ಕೆ ಆಗ್ತದಾ? ನಮ್ಮಲ್ಲಿ ಲಿಫ್ಟ್ ಇಲ್ಲ. ಮೊದಲನೇ ಮಹಡಿ ಕೊಡ್ತೇನೆ, ರಸ್ತೆ ಗಲಾಟೆ ಉಂಟು, ಅಡ್ಡಿ ಇಲ್ವಾ?" ಅಂದರು.

ಅಡ್ಡಿ ಇಲ್ಲ ಅಂದೆ.

ಮೂರು ಹಾಸಿಗೆಯ ನಾನ್ ಎಸಿ ರೂಮು, ದಿನಕ್ಕೆ 2,400. ಮೇಲೆ ಜಿಎಸ್‌ಟಿ, ಸೆಪ್ಟೆಂಬರ್ 22ರಿಂದ 12 ಹೋಗಿ 5 ಪರ್ಸೆಂಟ್ ಆಗಿದೆ. ಎರಡು ದಿನಕ್ಕೆ 5,040. ನನ್ನ ಸಂಬಳಕ್ಕೆ ಇದು ಸಣ್ಣದಲ್ಲ. ದೀಪಾವಳಿಯ ಹಬ್ಬದ ಮುಂಗಡ ಇದಕ್ಕೇ ಹೋಯಿತು. ಗೊತ್ತಿಲ್ಲದವರಿಗೆ ಒಂದು ಮಾತು: ದಾದರ್, ಪರೇಲ್ ಕಡೆ ಆಟೋ ಓಡೋದಿಲ್ಲ. ಟ್ಯಾಕ್ಸಿಯೇ, ಇಲ್ಲಾ ಬಸ್ಸು. ಅದನ್ನೂ ಲೆಕ್ಕದಲ್ಲಿ ಹಿಡೀರಿ. ಡಿಸೆಂಬರಿನಲ್ಲೂ ಅಲ್ಲಿ ನಮ್ಮಂಥ ಥಂಡಿ ಇಲ್ಲ, ಸಮುದ್ರದ ಶೆಕೆ. ಅವ್ವ ಕೌದಿ ಗಂಟು ಕಟ್ಟಿ ಇಟ್ಟಾಳೆ, ನಾನು ದಿನಾ ಬಿಚ್ಚಿ ಇಡುತ್ತೇನೆ.

5ಕ್ಕೆ ಅವ್ವನಿಗೆ ಭಾವೂಚಾ ಧಕ್ಕಾ ತೋರಿಸಬೇಕು, ಹಡಗಿನ ಕಡೆ. ಅಣ್ಣ ಮೂಟೆ ಹೊತ್ತ 'ಗೋದಿ' ಹೊರಗಿನಿಂದಾದರೂ ಕಾಣುತ್ತದೋ ನೋಡಬೇಕು. 6ಕ್ಕೆ ನಸುಕಿನಲ್ಲೇ ಪಾಳಿಗೆ.

ಅಣ್ಣಾರೇ, ಈಗ ನಿಮ್ಮ ಮಾತಿಗೆ ಬರತೀನಿ. ಶಿವಾಜಿ ಪಾರ್ಕಿನ ಮಣ್ಣು ನನಗೂ ಗೊತ್ತು. ಕೈಯಲ್ಲಿ ರೊಕ್ಕ ಇಲ್ಲದೆ ಅಲ್ಲಿ ಮಲಗಿದವರನ್ನ ನೋಡಿದರೆ ನನಗೂ ಹೊಟ್ಟೆ ಚುರುಕ್ ಅನ್ನುತ್ತದೆ. ನಮ್ಮ ಊರಿನ ಹೆಣ್ಮಕ್ಕಳು ಕ್ರೂಸರಿನಲ್ಲಿ ಬರೋರು ಆರು ಜನ ಇದ್ದಾರೆ. ಸ್ನಾನಕ್ಕಾದರೂ ನಮ್ಮ ರೂಮಿಗೆ ಬರಲಿ ಅಂತ ಆ ಹಿರಿಯರನ್ನ ಕೇಳಿದೆ, "ಮೂರು ಜನ ಅಂದರೆ ಮೂರೇ ಜನ ಮೇಡಂ" ಅಂದರು. ಅದು ಅವರ ನಿಯಮ, ನನಗೆ ಮಾತ್ರ ಚುಚ್ಚುತ್ತಲೇ ಇದೆ. ಮುಂದಿನ ವರ್ಷ ಸಂಘದಿಂದಲೇ ತಿಂಗಳಿಗೆ ಇಷ್ಟು ಅಂತ ಕೂಡಿಸಿ, ವಯಸ್ಸಾದ ಹೆಂಗಸರಿಗೆ ಎರಡು ರೂಮು ಹಿಡಿಯೋಣ ಅಂತ ನಾನು ಸಭೆಯಲ್ಲಿ ಇಡಾವಳು ಇದ್ದೇನೆ. ನೀವು ಬೇಡ ಅನ್ನೋದಿದ್ದರೆ ಅಲ್ಲೇ ಅನ್ನಿರಿ, ಇಮೋಜಿಯಲ್ಲಿ ಬೇಡ.

ನಿನ್ನೆ ರಾತ್ರಿ ಅವ್ವ ಹಳೆ ಕ್ಯಾಲೆಂಡರಿನ ಹಿಂದೆ ಬರೀತಾ ಕೂತಿದ್ದಳು. ಸಾಕ್ಷರತಾ ಆಂದೋಲನದ ರಾತ್ರಿ ಶಾಲೆಯಲ್ಲಿ ಸಹಿ ಕಲಿತಾಕಿ, ಆಮೇಲೆ ರೇಶನ್ ಅಂಗಡಿಯಲ್ಲೂ ಬ್ಯಾಂಕಿನಲ್ಲೂ ಹೆಬ್ಬೆಟ್ಟೇ ಒತ್ತಿಸಿದ್ದರಿಂದ ಮರೆತಿದ್ದಳು. ಮಗಳು ಮತ್ತೆ ತಿದ್ದಿಸುತ್ತಿದ್ದಾಳೆ. 'ದ'ಗೆ ಹೊಟ್ಟೆ ಸರಿಯಾಗಿ ಬರುವುದಿಲ್ಲ.

"ಲಾಡ್ಜಿನ ಆ ಬುಕ್ಕಿನ್ಯಾಗ ಜಾಗಾ ಎಷ್ಟ ಇರತೈತೆ?" ಅಂತ ಕೇಳಿದಳು. "ನನ್ನ ಅಕ್ಷರ ದೊಡ್ಡಾವು."